ಡ್ರೈವ್ ಕಿತ್ತವರು ನಾವು, ಬೈಗುಳ ವೈರಸ್ಸಿಗೆ

'ಕಾಪಿ ಪೂರಾ ಆಗಿತ್ರಿ, ಆಮ್ಯಾಲೆ ಡ್ರೈವ್ ಕಿತ್ತೇನಿ. ಈಗ ನೋಡಿದ್ರ ಫೋಟೋ ಓಪನ್ ಆಗವಲ್ವು. ವೈರಸ್ ಬಂದೈತಿ.' ಹುಬ್ಬಳ್ಳಿಯ ಫೋಟೋ ಸ್ಟುಡಿಯೋಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುವವರೂ ಹೀಗೆ ಹೇಳಿದರೆ ಹೇಗೆ?

ಪರದೆಯಲ್ಲಿ 100% ಅಂತ ಬಂದಾಗ ಫೈಲ್ ಡ್ರೈವ್ ಮುಟ್ಟಿರುತ್ತದೆ ಅಂತೇನಿಲ್ಲ. ಅದು ಇನ್ನೂ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲೇ ಇರಬಹುದು. ಲಾರಿ ಆಫೀಸಿನಲ್ಲಿ ರಸೀದಿ ಕೊಟ್ಟರೆಂದು ಸರಕು ಗದಗ ತಲುಪಿಬಿಟ್ಟಿತೇ? ಗೋದಾಮಿನಲ್ಲಿ ಬಿದ್ದಿರುತ್ತದೆ, ಲೋಡ್ ಆದಾಗ ಹೋಗುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯ ಸರಕನ್ನು ಡಿಸ್ಕಿಗೆ ಸಾಗಿಸುತ್ತದೆ. ರಾಶಿ ಜಾಸ್ತಿಯಾದರೆ ಅದಕ್ಕೂ ಮೊದಲೇ ಶುರುಮಾಡುತ್ತದೆ. ಈ 30 ಸೆಕೆಂಡು ಲಿನಕ್ಸಿಗೂ ಹಿಂದಿನ ಯುನಿಕ್ಸ್ ಸಿಸ್ಟಮ್ಮಿನ ಕಾಲದ್ದು. ಆಗ 'ಅಪ್‌ಡೇಟ್' ಎಂಬ ಪುಟ್ಟ ಪ್ರೋಗ್ರಾಂ 30 ಸೆಕೆಂಡಿಗೊಮ್ಮೆ 'ಸಿಂಕ್' ಮಾಡುತ್ತಿತ್ತು, ಅಂದರೆ ಬಾಕಿ ಇದ್ದದ್ದನ್ನು ಡಿಸ್ಕಿಗೆ ಬರೆಸುತ್ತಿತ್ತು. ಹಳೇ ಆಪರೇಟರುಗಳು ಮಷಿನ್ ಆಫ್ ಮಾಡುವ ಮುಂಚೆ 'ಸಿಂಕ್' ಅಂತ ಮೂರು ಸಲ ಟೈಪ್ ಮಾಡುತ್ತಿದ್ದರು. ಮಂತ್ರವೇನಲ್ಲ. ಬರೆದು ಮುಗಿಯುವ ಮೊದಲೇ ಆ ಕಮಾಂಡ್ ವಾಪಸ್ ಬಂದುಬಿಡುತ್ತಿತ್ತು, ಟೈಪ್ ಮಾಡುವಷ್ಟರಲ್ಲಿ ಡಿಸ್ಕಿಗೆ ಸಮಯ ಸಿಗುತ್ತಿತ್ತು. ಇವತ್ತಿನ ಲಿನಕ್ಸ್‌ನಲ್ಲಿ ಒಂದೇ ಸಾಕು, ಅದು ಕಾಯುತ್ತದೆ. ಅನ್‌ಮೌಂಟ್, ಅಂದರೆ ಡ್ರೈವನ್ನು ಸಿಸ್ಟಮ್ಮಿನಿಂದ ಬಿಡಿಸುವ ಕಮಾಂಡ್ ಕೂಡ ಕಾಯುತ್ತದೆ.

'ಇಎಕ್ಸ್‌ಟಿ4ನಲ್ಲಿ ಜರ್ನಲ್ ಇದೆ, ಚಿಂತೆಯಿಲ್ಲ' ಅನ್ನುವವರೂ ಇದ್ದಾರೆ. ಇಎಕ್ಸ್‌ಟಿ4 ಅಂದರೆ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಒಂದು ವ್ಯವಸ್ಥೆ (ಫೈಲ್‌ಸಿಸ್ಟಮ್), ಜರ್ನಲ್ ಅಂದರೆ ಅದರ ಬದಲಾವಣೆಗಳ ದಿನಚರಿ. ಜರ್ನಲ್ ಕಾಯುವುದು ಫೈಲ್‌ಸಿಸ್ಟಮ್ಮಿನ ಲೆಕ್ಕಪತ್ರವನ್ನು. ರ‍್ಯಾಮ್‌ನಲ್ಲೇ ಉಳಿದಿದ್ದ ನಿಮ್ಮ ಮದುವೆ ಫೋಟೋ ಹೋದದ್ದು ಹೋಯಿತು. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಇರುವ ಡ್ರೈವಿನಲ್ಲಂತೂ ಜರ್ನಲ್ಲೇ ಇಲ್ಲ.

ಕಿತ್ತಾಗಿದ್ದರೆ ಸುಮ್ನೆ ಮತ್ತೆ ಚುಚ್ಚಿ ಕೆಲಸ ಮುಂದುವರಿಸಬೇಡಿ. ಹಳೇ ಮೌಂಟ್ (ಡ್ರೈವಿನ ಹಳೇ ಜೋಡಣೆ) ಇನ್ನೂ ಸಿಸ್ಟಮ್ ಕೊಟ್ಟ 'ಎಸ್‌ಡಿಬಿ' ಹೆಸರನ್ನು ಹಿಡಿದುಕೊಂಡಿದ್ದರೆ ಅದೇ ಡ್ರೈವ್ 'ಎಸ್‌ಡಿಸಿ' ಆಗಿ ಬರುತ್ತದೆ. ಹಳೆಯದನ್ನು ಅನ್‌ಮೌಂಟ್ ಮಾಡಿ, ಡ್ರೈವ್ ಮೇಲೆ ಫೈಲ್‌ಸಿಸ್ಟಮ್ ತಪಾಸಣೆಯ ಎಫ್‌ಎಸ್‌ಸಿಕೆ ಕಮಾಂಡ್ ಓಡಿಸಿ, ಆಮೇಲೆ ಮೌಂಟ್ ಮಾಡಿ. ಯಾವ ಡ್ರೈವ್ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಈ ಹೆಸರಿನ ಬದಲು ಯುಯುಐಡಿ, ಅಂದರೆ ಬದಲಾಗದ ಗುರುತಿನ ಸಂಖ್ಯೆ ಬರೆಯಿರಿ.

ನನಗೆ ಇದಕ್ಕಿಂತ ಭಯ ಹುಟ್ಟಿಸುವುದು ರಾತ್ರಿ ತಾನಾಗೇ ಓಡುವ ಬ್ಯಾಕಪ್. ಡ್ರೈವ್ ಇಲ್ಲ, ಆದರೆ ಅದನ್ನು ಮೌಂಟ್ ಮಾಡುವ ಫೋಲ್ಡರ್ ಇದೆ. ಕಾಪಿ ಮಾಡುವ ಆರ್‌ಸಿಂಕ್ ಪ್ರೋಗ್ರಾಂಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಲ್ಲವನ್ನೂ ಒಳಗಿನ ಡಿಸ್ಕಿಗೇ ಬರೆದು, ಯಾವ ತಪ್ಪನ್ನೂ ವರದಿ ಮಾಡದೆ ಮುಗಿಸುತ್ತದೆ. ಡಿಸ್ಕ್ ತುಂಬಿದಾಗಲೇ ಗೊತ್ತಾಗೋದು, ಅಲ್ವಾ? ಸ್ಕ್ರಿಪ್ಟಿನ ಮೊದಲ ಸಾಲಲ್ಲೇ 'ಮೌಂಟ್‌ಪಾಯಿಂಟ್' ಕಮಾಂಡಿನಿಂದ ಪರೀಕ್ಷೆ ಮಾಡಿ, ಡ್ರೈವ್ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಇನ್ನೂ ಗಟ್ಟಿ ಉಪಾಯ ಬೇಕಾದರೆ, ಡ್ರೈವ್ ಹಾಕುವ ಮೊದಲು ಆ ಖಾಲಿ ಫೋಲ್ಡರಿಗೆ 'ಚಾಟ್ರ್ ಪ್ಲಸ್ ಐ' ಎಂಬ, ಬದಲಾವಣೆಗೆ ಬೀಗ ಹಾಕುವ ಕಮಾಂಡ್ ಕೊಡಿ. ಆಮೇಲೆ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರ ಬಂದರೂ ಅದರಲ್ಲಿ ಹೊಸ ಫೈಲ್ ಹುಟ್ಟಿಸಲಾಗದು. ಬ್ಯಾಕಪ್ ಅಲ್ಲೇ ತಪ್ಪು ತೋರಿಸಿ ನಿಲ್ಲುತ್ತದೆ.