ಮೇಲಿನ ಹೊಲದವರನ್ನು ಬಿಟ್ಟು ಒಡ್ಡು ಹಾಕಬೇಡಿ

ಮಳೆನೀರು, ಮಣ್ಣು ಹರಿದು ಹೋಗದಂತೆ ಹೊಲಗಳಿಗೆ ಒಡ್ಡು, ಅಂದರೆ ಮಣ್ಣಿನ ಏರಿ, ಹಾಕಿಸುವುದು ನನ್ನ ಕೆಲಸ. ಹೊಲ ನೋಡಲು ಹೋಗುವಾಗ ನನ್ನ ಚೀಲದಲ್ಲಿ ಒಂದು ಲೆವೆಲ್ ಪೈಪ್ ಇರುತ್ತದೆ. ಗೌಂಡಿಗಳು ಗೋಡೆಯ ಮಟ್ಟ ನೋಡುತ್ತಾರಲ್ಲ, ಅದೇ ಪೈಪ್. ಎರಡು ತುದಿಗಳನ್ನು ಎರಡು ಕೋಲಿಗೆ ಕಟ್ಟಿ, ನೀರು ತುಂಬಿಸಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ನಿಂತರೆ ಹೊಲ ಎತ್ತ ಇಳಿದಿದೆ ಅಂತ ಗೊತ್ತಾಗುತ್ತದೆ. ಒಳಗೆ ಗಾಳಿಗುಳ್ಳೆ ಉಳಿಯಬಾರದು ಅಷ್ಟೇ. ಉಳಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಒಂದು ಕೋಲು ಹೊಲದ ಮಾಲೀಕರ ಕೈಗೆ ಕೊಡುತ್ತೇನೆ. ಇನ್ನೊಂದನ್ನು ಮೇಲಿನ ಹೊಲದವರೇ ಹಿಡಿಯಬೇಕು. ಇಬ್ಬರೂ ಮಾತು ಬಿಟ್ಟವರಾದರೂ ಪರವಾಗಿಲ್ಲ. ನೀರು ಎಲ್ಲಿ ನಿಂತಿತು ಅಂತ ಹೇಳಲೇಬೇಕಲ್ವಾ.

ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆ "ನಮ್ಮ ಹೊಲಕ್ಕಷ್ಟ ಒಡ್ಡು ಹಾಕಿಸಿಕೊಡ್ರಿ ಸರ, ಮ್ಯಾಲಿನವರ ಉಸಾಬರಿ ನಮಗ್ಯಾಕ" ಅನ್ನುವವರೇ ಜಾಸ್ತಿ. ಅವರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. ಒಂದು ಎಕರೆಗೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. 5,000 ಲೀಟರಿನ ಟ್ಯಾಂಕರ್ ಆದರೆ 20 ಟ್ಯಾಂಕರ್. ಮೇಲಿನವರದು ನಾಲ್ಕು ಎಕರೆ ಅಂದುಕೊಳ್ಳಿ. ಅರ್ಧ ನೀರು ಇಂಗಿ ಅರ್ಧ ಹರಿದರೂ 40 ಟ್ಯಾಂಕರ್ ನೀರು ಒಂದೇ ರಾತ್ರಿ ನಿಮ್ಮ ಒಡ್ಡಿನ ಮೇಲೆ ಬಂದು ಬೀಳುತ್ತದೆ. ಮೊಣಕಾಲೆತ್ತರದ ಒಡ್ಡು ಎಷ್ಟು ಹೊತ್ತು ತಡೆದೀತು?

ನೀರು ಸುಮ್ನೆ ಹೋಗುವುದಿಲ್ಲ, ಮಣ್ಣನ್ನೂ ಕರಕೊಂಡೇ ಹೋಗುತ್ತದೆ. ಎಕರೆಯಲ್ಲಿ 1 ಮಿ.ಮೀ. ಮೇಲ್ಮಣ್ಣು ಹೋದರೆ ಹತ್ತಿರ ಹತ್ತಿರ 5 ಟನ್. ಕಣ್ಣಿಗೆ ಕಾಣುವುದೇ ಇಲ್ಲ. ತುಂಗಭದ್ರಾ ಡ್ಯಾಮ್ ಕಟ್ಟಿದಾಗ ಅದರಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು 105ರ ಆಸುಪಾಸು. ಅಲ್ಲಿ ಕೂತಿರುವ ಹೂಳಿನಲ್ಲಿ ಯಾರ್ಯಾರದೋ ಹೊಲದ ಮಣ್ಣಿದೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಹೂಳು ತೆಗೆಸಿದರು. ಜನ ಎಷ್ಟು ಹುರುಪಿನಿಂದ ಬಂದರು ಅಂತ ನಮಗೆಲ್ಲ ಗೊತ್ತು. ಆದರೆ ಮೇಲಿನ ಹೊಲಗಳ ಒಡ್ಡು ಸರಿ ಇಲ್ಲದಿದ್ದರೆ ಯಾವ ಹಳ್ಳವೂ ಮತ್ತೆ ತುಂಬಿಕೊಳ್ಳುತ್ತದೆ.

ಮಣ್ಣಿನ ಗುಣ ನೋಡದೆ ಒಡ್ಡು ಹಾಕುವುದು ಇನ್ನೊಂದು ತಪ್ಪು. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ನೀರು ಬೇಗ ಇಂಗುತ್ತದೆ. ಅಲ್ಲಿ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಒಡ್ಡು ಎಳೆಯಬಹುದು. ಎರೆಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಹಾಗೆ ಮಾಡಿದರೆ ನೀರು ಇಂಗದೆ ನಿಂತು ಬೆಳೆ ಹಳದಿಯಾಗುತ್ತದೆ. ಮೇಲಾಗಿ ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ. ಒಡ್ಡೂ ಅದೇ ಮಣ್ಣಿನದು, ಅದೂ ಬಿರಿಯುತ್ತದೆ. ಅದಕ್ಕೇ ಎರೆಯಲ್ಲಿ ಒಡ್ಡಿಗೆ 100 ಮೀಟರಿಗೆ 20ರಿಂದ 30 ಸೆಂ.ಮೀ. ಇಳಿಜಾರು ಕೊಟ್ಟು, ಹೆಚ್ಚಿನ ನೀರು ಮೆಲ್ಲಗೆ ಒಂದು ಮೂಲೆಯ ಕಲ್ಲಿನ ಕೋಡಿಯಿಂದ ಇಳಿಯುವ ಹಾಗೆ ಮಾಡಬೇಕು.

ಇದನ್ನು ಪುಸ್ತಕದಲ್ಲಿ ಓದಿದ್ದೆ. ಆದರೂ ಕೆಲಸಕ್ಕೆ ಸೇರಿದ ಎರಡನೇ ವರ್ಷ ಕುಕನೂರು ಕಡೆಯ ಒಂದು ಎರೆ ಹೊಲದಲ್ಲಿ, ಕೋಡಿಗೆ ಕಲ್ಲು ಬರುವುದು ತಡವಾಯಿತು ಅಂತ, "ಮೊದಲು ಒಡ್ಡು ಮುಗಿಸೋಣ" ಅಂದೆ. ಜೂನ್‌ನಲ್ಲಿ ಮಳೆ ಬಂತು. ಬಿರುಕಿನೊಳಗೆ ನೀರು ನುಗ್ಗಿ ಒಡ್ಡು ಒಡೆಯಿತು. ಕೆಳಗಿನ ಹೊಲದಲ್ಲಿ ಹೆಸರುಕಾಳು ಬಿತ್ತಿ ಹತ್ತೇ ದಿನ ಆಗಿತ್ತು. ಅದರ ನಡುವೆ ತೊಡೆಮಟ್ಟದ ಕೊರಕಲು. ಆ ಯಜಮಾನರು ಬೈಯಲಿಲ್ಲ. ನನ್ನ ಕೈ ಹಿಡಿದು ಕೊರಕಲಿನೊಳಗೆ ಇಳಿಸಿ, "ನಿಂತು ನೋಡ್ರಿ ಸರ, ನೀವು ಮಾಡಿದ ಕೆಲಸ ಐತಿ" ಅಂದರು. ಬೈದಿದ್ದರೇ ಚೆನ್ನಾಗಿತ್ತು. ಅಂದಿನಿಂದ ಮೊದಲು ಕೋಡಿ, ಆಮೇಲೆ ಒಡ್ಡು.

ಹಿಂಗಾರಿ ಬಿತ್ತುವ ಎರೆ ಹೊಲಕ್ಕೆ ಇನ್ನೂ ಅಗ್ಗದ ಕೆಲಸ ಚೌಕುಮಡಿ. ಮುಂಗಾರಿನಲ್ಲಿ ಹೊಲ ಖಾಲಿ ಇದ್ದಾಗ ಸಣ್ಣ ಸಣ್ಣ ಚೌಕ ಮಾಡಿ ಬಿಟ್ಟರೆ ಮಳೆ ಬಿದ್ದಲ್ಲೇ ನಿಂತು ಇಂಗುತ್ತದೆ. ಜೋಳ, ಕಡಲೆ ಬಿತ್ತುವ ಮುಂಚೆ ಕುಂಟೆ ಹೊಡೆದು ಮಟ್ಟ ಮಾಡಿದರಾಯಿತು.

ಇಷ್ಟೆಲ್ಲ ಗೊತ್ತಿದ್ದೂ ಕೆಲವು ಹೊಲಗಳಿಗೆ ಯಾರೂ ಕೈ ಹಚ್ಚುವುದಿಲ್ಲ. ಕೇಳಿದರೆ ಅದು ಲಾವಣಿ ಹೊಲ, ಅಂದರೆ ಗೇಣಿಗೆ ಕೊಟ್ಟದ್ದು. ಯಜಮಾನರು ಬೆಂಗಳೂರಿನಲ್ಲೋ ಹೊಸಪೇಟೆಯಲ್ಲೋ ಇರುತ್ತಾರೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಂತೆ, ಸೈನಿಕರಂಥ ಕೆಲವರನ್ನು ಬಿಟ್ಟರೆ ಜಮೀನು ಗೇಣಿಗೆ ಕೊಡುವ ಹಾಗಿಲ್ಲ. ಹಾಗಾಗಿ ಎಲ್ಲ ಬಾಯಿಮಾತು, ವರ್ಷದಿಂದ ವರ್ಷಕ್ಕೆ. ಬರುವ ವರ್ಷ ಈ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಒಡ್ಡಿಗೆ ಯಾಕೆ ಬೆವರು ಸುರಿಸುತ್ತಾನೆ? ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ. ಇಂಥ ಕಡೆ ಯಜಮಾನರಿಗೆ ಫೋನ್ ಹಚ್ಚಿ, ಒಡ್ಡಿನ ಖರ್ಚು ಅವರದು, ದುಡಿಮೆ ಉಳುವವರದು ಅಂತ ಒಪ್ಪಿಸಲು ನೋಡುತ್ತೇನೆ. ಎಷ್ಟೋ ಸಲ ಒಪ್ಪುವುದಿಲ್ಲ.

ಮೇಲಿನವರು ಕೆಳಗಿನವರು ಸೇರಿ ಒಟ್ಟಿಗೆ ಬೇಸಾಯ ಮಾಡಿ ಅಂದಕೂಡಲೇ ಪಹಣಿ ಹೋಗುತ್ತದೆ ಅಂತ ಕೆಲವರು ಹೆದರುತ್ತಾರೆ. ಹಾಗೇನಿಲ್ಲ. ಯಲಬುರ್ಗಾ ತಾಲೂಕಿನ ಒಂದು ಊರಿನಲ್ಲಿ ಒಂದೇ ಇಳಿಜಾರಿನ ಏಳು ಮನೆಯವರು ಸೇರಿದ್ದಾರೆ. ಪಹಣಿ ಅವರವರ ಹೆಸರಿನಲ್ಲೇ ಇದೆ. ಒಡ್ಡಿನ ಕೆಲಸ ಮುಯ್ಯಾಳು ಲೆಕ್ಕದಲ್ಲಿ, ಅಂದರೆ ಕೂಲಿ ಇಲ್ಲದೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು ತೀರಿಸುವುದು; ಮೇಲಿನ ಹೊಲದಿಂದ ಶುರು. ಸಜ್ಜೆಯನ್ನು ಎಲ್ಲರೂ ಒಂದೇ ವಾರದಲ್ಲಿ ಬಿತ್ತುತ್ತಾರೆ. ಒಬ್ಬರೇ ಬಿತ್ತಿದರೆ ಊರಿನ ಗುಬ್ಬಿಗಳೆಲ್ಲ ಅಲ್ಲೇ ಇಳಿಯುತ್ತವೆ. ಎಲ್ಲರೂ ಬಿತ್ತಿದರೆ ತಿಂದದ್ದು ಹಂಚಿಹೋಗುತ್ತದೆ, ಕಾಯುವುದೂ ಹಂಚಿಹೋಗುತ್ತದೆ.

ಅವರಿಗೆ ಜಗಳ ಬಂದದ್ದು ನಾನು ನೆನೆಸಿರದ ಕಡೆಯಿಂದ. ಒಡ್ಡು ಗಟ್ಟಿಯಾಗಲಿ ಅಂತ ಮೇಲೆ ಅಂಜನ ಹುಲ್ಲು ಹಾಕಿಸಿದ್ದೆ. ಚೆನ್ನಾಗಿ ಬಂತು. ಎರಡು ಹೊಲದ ನಡುವಿನ ಒಡ್ಡಿನ ಹುಲ್ಲು ಯಾರ ಎಮ್ಮೆಗೆ? ಒಂದು ವರ್ಷ ಮೇಲಿನವರಿಗೆ, ಒಂದು ವರ್ಷ ಕೆಳಗಿನವರಿಗೆ ಅಂತ ಹಿರಿಯರು ಹೇಳಿದರು. ಎರಡನೇ ವರ್ಷವೇ ಯಾರ ಪಾಳಿ ಅಂತ ಮತ್ತೆ ಮಾತು ಬೆಳೆಯಿತು. ಈಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ, ಏಳು ಸಹಿಯ ಸಮೇತ.