‘ಕ್ವಾಂತೊ ಬಾಲೆ’ ಎಂದು ಬೆಲೆ ಕೇಳಿದರೆ ತಪ್ಪೇ?

ಪ್ರಶ್ನೆ: ಸ್ಪ್ಯಾನಿಷಿನಲ್ಲಿ ಬೆಲೆ ಕೇಳಲು ‘ಕ್ವಾಂತೊ ಕ್ವೆಸ್ತಾ’ ಎಂಬುದೊಂದೇ ಸರಿ, ‘ಕ್ವಾಂತೊ ಬಾಲೆ’ ಎಂದರೆ ವಸ್ತುವಿನ ಯೋಗ್ಯತೆಯನ್ನೇ ಪ್ರಶ್ನಿಸಿದಂತಾಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಎಷ್ಟು ಬಾರಿ ಹೇಳಿದರೂ ಈ ನಂಬಿಕೆ ಮತ್ತೆ ಚಿಗುರುತ್ತದೆ. ಇದರ ಬೇರು ಸ್ಪ್ಯಾನಿಷಿನಲ್ಲಿಲ್ಲ, ನಾವು ಅದನ್ನು ಇಂಗ್ಲಿಷಿನ ಮೂಲಕ ಕಲಿಯುವುದರಲ್ಲಿದೆ. ‘ಕ್ವೆಸ್ತಾ’ದ ಮೂಲ ಕ್ರಿಯಾಪದ ‘ಕೋಸ್ತಾರ್’ ಎಂದರೆ ಕಾಸ್ಟ್, ‘ಬಾಲೆ’ಯ ಮೂಲ ಕ್ರಿಯಾಪದ ‘ಬಾಲೆರ್’ ಎಂದರೆ ವರ್ತ್ ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿದವರಿಗೆ ಎರಡರ ನಡುವೆ ಗೋಡೆಯಿರುವಂತೆ ತೋರುತ್ತದೆ. ಸ್ಪೇನಿನಲ್ಲಿಯೂ ಕೊಲಂಬಿಯಾದಲ್ಲಿಯೂ ಗಿರಾಕಿಗಳು ದಿನನಿತ್ಯ ‘ಕ್ವಾಂತೊ ಬಾಲೆ’ ಎಂದೇ ಬೆಲೆ ಕೇಳುತ್ತಾರೆ, ಯಾವ ಅಂಗಡಿಯವನೂ ಮುಖ ಗಂಟಿಕ್ಕುವುದಿಲ್ಲ. ಸ್ಪ್ಯಾನಿಷ್ ರಾಜ ಅಕಾಡೆಮಿಯ ನಿಘಂಟು ಕೂಡ ನಿರ್ದಿಷ್ಟ ಬೆಲೆಯನ್ನು ಹೊಂದಿರುವುದನ್ನು ‘ಬಾಲೆರ್’ ಪದದ ಅರ್ಥಗಳಲ್ಲಿ ಸೇರಿಸಿದೆ. (ಬರೆಯುವುದು ‘ವಿ’ ಅಕ್ಷರದಿಂದ, ಉಚ್ಚಾರ ‘ಬ’ಕಾರಕ್ಕೆ ಹತ್ತಿರ.) ಕನ್ನಡಿಗರಿಗಂತೂ ಇದು ಗೊಂದಲವಾಗಬಾರದು. ‘ಸೀರೆಯ ಬೆಲೆ ಎಷ್ಟು’ ಎಂಬಲ್ಲಿಯೂ ‘ನನ್ನ ಮಾತಿಗೆ ಬೆಲೆಯೇ ಇಲ್ಲ’ ಎಂಬಲ್ಲಿಯೂ ನಮಗಿರುವುದು ಒಂದೇ ‘ಬೆಲೆ’. ‘ಸಾವಿರ ರೂಪಾಯಿ ಬಾಳುವ ಸೀರೆ’ ಎನ್ನುವಾಗಿನ ‘ಬಾಳುವ’ ಎಂಬುದು ಹೆಚ್ಚುಕಡಿಮೆ ‘ಬಾಲೆರ್’ ಮಾಡುವ ಕೆಲಸವನ್ನೇ ಮಾಡುತ್ತದೆ.

ವ್ಯತ್ಯಾಸ ನಿಜವಾಗಿ ಇರುವುದು ನಾಮಪದಗಳಲ್ಲಿ. ಚೀಟಿಯ ಮೇಲಿನ ದರ ‘ಪ್ರೆಸಿಯೊ’, ಮೌಲ್ಯ ‘ಬಾಲೋರ್’, ತಯಾರಿಕೆಗೆ ತಗಲುವ ವೆಚ್ಚ ಸ್ಪೇನಿನಲ್ಲಿ ಹೆಚ್ಚಾಗಿ ‘ಕೋಸ್ತೆ’, ಲ್ಯಾಟಿನ್ ಅಮೆರಿಕದಲ್ಲಿ ‘ಕೋಸ್ತೊ’. ಸ್ಪೇನಿನ ಆಡುಮಾತಿನಲ್ಲಿ ‘ಕೋಸ್ತೊ’ ಎಂದರೆ ಹಶೀಶ್ (ಒಂದು ಮಾದಕವಸ್ತು) ಎಂಬ ಅರ್ಥವೂ ಇರುವುದರಿಂದ ಅಲ್ಲಿ ‘ಕೋಸ್ತೆ’ ಎನ್ನುವುದೇ ಕ್ಷೇಮ.

ಯಾರೂ ಕೇಳದಿದ್ದರೂ ತರಕಾರಿ ಸಂತೆಯ ಮಾತನ್ನೂ ಹೇಳಿಬಿಡುತ್ತೇನೆ. ದಿನಕ್ಕೊಂದು ದರವಿರುವ ಸರಕಿಗೆ ‘ಆ ಕೋಮೊ ಎಸ್ತಾನ್ ಲೋಸ್ ತೋಮಾತೆಸ್’ ಎಂದು ಕೇಳುವುದುಂಟು. ‘ಕೋಮೊ’ ಎಂದರೆ ‘ಹೇಗೆ’. ‘ಟೊಮೆಟೊ ಕೆಜಿ ಹೇಗಮ್ಮಾ’ ಎಂದು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಇಂಗ್ಲಿಷಿನ ದಾರಿಯಲ್ಲಿ ಬಂದವರು ಮಾತ್ರ ಇಲ್ಲಿ ತಡವರಿಸುತ್ತಾರೆ. ಎಲ್ಲವನ್ನೂ ಚೀಲಕ್ಕೆ ಹಾಕಿಸಿಕೊಂಡ ಮೇಲೆ ಒಟ್ಟು ಮೊತ್ತ ಕೇಳಲು ‘ಕ್ವಾಂತೊ ಎಸ್’ ಸಾಕು.

ಇನ್ನು ‘ಮೆ ಕೊಸ್ತೋ ಮೂಚೊ’ ಎಂದು ಯಾರಾದರೂ ಹೇಳಿದರೆ ದುಡ್ಡಿನ ಮಾತೆಂದೇ ತಿಳಿಯಬೇಡಿ. ಮುಂದೆ ‘ದಿನೇರೊ’ ಬಂದರೆ ತುಂಬ ಹಣ ಖರ್ಚಾಯಿತು ಎಂದರ್ಥ. ‘ಅಪ್ರೆಂದೇರ್’ ಬಂದರೆ ಕಲಿಯಲು ಬಹಳ ಕಷ್ಟವಾಯಿತು ಎಂದರ್ಥ.