ಎರಡು ಕ್ಲಿಕ್‌ಗಳ ನಡುವೆ

ಡ್ರಮ್ಸ್ ಕಲಿಯಲು ಶುರುಮಾಡಿ ಕೆಲವು ತಿಂಗಳಾದರೆ ಕೈ ಚೆನ್ನಾಗಿಯೇ ಓಡುತ್ತದೆ. ಸಿಂಗಲ್ ಸ್ಟ್ರೋಕ್, ಡಬಲ್ ಸ್ಟ್ರೋಕ್, ಪ್ಯಾರಡಿಡಲ್ ಎಲ್ಲ ಪ್ಯಾಡ್ ಮೇಲೆ ಪಟಪಟನೆ ಬೀಳುತ್ತವೆ. ಈಗ ಚಾಲ್ತಿಯಲ್ಲಿರುವ ಪಟ್ಟಿಯಲ್ಲಿ ಇಂಥ 40 ರುಡಿಮೆಂಟ್‌ಗಳಿವೆ, ಅಂದರೆ ಪೆಟ್ಟುಗಳ ಮೂಲ ಪಾಠಗಳು, ಎಲ್ಲವನ್ನೂ ಮುಗಿಸಿಯೇ ಬಿಡೋಣ ಅಂತ ಹೊರಡುವವರೂ ಇದ್ದಾರೆ. ಆದರೆ ಹಾಡಿನ ಜೊತೆ ನುಡಿಸಲು ಕೂತರೆ ಎರಡೇ ನಿಮಿಷದಲ್ಲಿ ವೇಗ ಏರಿಬಿಡುತ್ತದೆ. ಅಲ್ಲಿ ಕೈಯ ತಪ್ಪೇನಿಲ್ಲ. ಕಾಯೋದು ಬಂದಿಲ್ಲ, ಅಷ್ಟೇ.

ಸಮ ಅಂತರದಲ್ಲಿ ಕ್ಲಿಕ್ ಅನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 40 ಕ್ಲಿಕ್‌ಗೆ ಇಟ್ಟು ಪ್ರತಿ ಕ್ಲಿಕ್‌ಗೆ ಒಂದೊಂದೇ ಪೆಟ್ಟು ಹಾಕಿ ನೋಡಿ. ಸುಲಭ ಅನಿಸುತ್ತದೆ, ಅಲ್ವಾ? 120ರಲ್ಲಿ ಎರಡು ಕ್ಲಿಕ್‌ಗಳ ನಡುವೆ ಅರ್ಧ ಸೆಕೆಂಡ್ ಇದ್ದರೆ, ಇಲ್ಲಿ ಒಂದೂವರೆ ಸೆಕೆಂಡ್. ಅಂತರ ಹಿಗ್ಗಿದಷ್ಟೂ ಮಿದುಳಿನ ಅಂದಾಜು ಜಾಸ್ತಿ ಏರುಪೇರಾಗುತ್ತದೆ. ಇನ್ನೊಂದು ತಮಾಷೆ ಇದೆ. ಕ್ಲಿಕ್ ಕಿವಿಗೆ ಬಿದ್ದ ಮೇಲೆ ಹೊಡೆದರೆ ತಡವಾಗಿಬಿಡುತ್ತದೆ. ಹಾಗಾಗಿ ಮಿದುಳು ಮುಂದಿನ ಕ್ಲಿಕ್ ಯಾವಾಗ ಅಂತ ಊಹಿಸಿ ಕೈಯನ್ನು ಮೊದಲೇ ಹೊರಡಿಸುತ್ತದೆ. ಹೊಸಬರು ಕ್ಲಿಕ್‌ಗಿಂತ ಹತ್ತಾರು ಮಿಲಿಸೆಕೆಂಡ್ ಮುಂಚೆಯೇ ಹೊಡೆಯುವುದು ಸಾಮಾನ್ಯ. ಅವರಿಗೆ ಅದು ಗೊತ್ತೇ ಆಗುವುದಿಲ್ಲ.

ಇದಕ್ಕೆ ನನಗೆ ಒಗ್ಗಿದ ಮದ್ದು, ನಡುವಿನ ಖಾಲಿ ಜಾಗವನ್ನು ಬಾಯಲ್ಲಿ ಎಣಿಸಿ ತುಂಡು ಮಾಡಿಕೊಳ್ಳುವುದು. ಅದು ಪಳಗಿದ ಮೇಲೆ ಎರಡು ಬಾರ್ (ತಾಳದ ಎರಡು ಸುತ್ತು) ಕ್ಲಿಕ್ ಇರಲಿ, ಮುಂದಿನ ಎರಡು ಬಾರ್ ಬೇಡ. ಕ್ಲಿಕ್ ವಾಪಸ್ ಬಂದಾಗ ನೀವು ಎಲ್ಲಿದ್ದೀರಿ ಅನ್ನುವುದೇ ಆ ದಿನದ ಫಲಿತಾಂಶ.

ಇನ್ನು ಕೈಕಾಲುಗಳ ಮಾತು. ಎರಡೂ ತೋರುಬೆರಳುಗಳನ್ನು ಕಾರಿನ ವೈಪರ್‌ನಂತೆ ಒಂದೇ ದಿಕ್ಕಿಗೆ ಆಡಿಸಿ: ಎರಡೂ ಎಡಕ್ಕೆ, ಎರಡೂ ಬಲಕ್ಕೆ. ನಿಧಾನವಾಗಿ ವೇಗ ಹೆಚ್ಚಿಸುತ್ತಾ ಹೋಗಿ. ಒಂದು ಹಂತದಲ್ಲಿ ಬೆರಳುಗಳು ನಿಮ್ಮನ್ನು ಕೇಳದೆಯೇ ಕನ್ನಡಿಯ ಬಿಂಬದಂತೆ ಎದುರುಬದುರು ಆಡತೊಡಗುತ್ತವೆ. 1980ರ ದಶಕದಲ್ಲಿ ಸ್ಕಾಟ್ ಕೆಲ್ಸೋ ಅನ್ನುವ ವಿಜ್ಞಾನಿ ಇದನ್ನೇ ಅಳೆದು ತೋರಿಸಿದರು. ವೇಗ ಏರಿದಾಗ ನರಮಂಡಲ ತನಗೆ ಸಲೀಸಾದ ಜೋಡಿಗೆ ಜಾರಿಕೊಳ್ಳುತ್ತದೆ. ಹೈಹ್ಯಾಟ್ ಎಂಬ ಜೋಡಿ ಸಿಂಬಲ್ ಮೇಲಿನ ಬಲಗೈಯನ್ನು, ಪೆಡಲ್ ಒತ್ತಿ ಬಾಸ್ ಡ್ರಮ್ ನುಡಿಸುವ ಕಾಲು ಎಳೆದುಕೊಂಡು ಹೋಗುವುದರಲ್ಲೂ ಇಂಥದ್ದೇ ಸೆಳೆತ ಕಾಣುತ್ತದೆ.

ಆದ್ದರಿಂದ ‘ಕೈಕಾಲು ಬೇರೆ ಬೇರೆಯಾಗಿ ಓಡಲಿ’ ಅಂತ ಹಟ ಹಿಡಿಯುವುದು ಸುಮ್ನೆ ದಂಡ. ಎರಡನ್ನೂ ಸೇರಿಸಿ ಒಂದೇ ನಡೆಯಾಗಿ ಕಲಿಯುವುದು ಸುಲಭ. ಮೂರಕ್ಕೆ ಎರಡು ತಗೊಳ್ಳಿ, ಅಂದರೆ ಒಂದು ಕೈ ಮೂರು ಪೆಟ್ಟು ಹಾಕುವಷ್ಟರಲ್ಲಿ ಇನ್ನೊಂದು ಎರಡು. ಒಂದರಿಂದ ಆರು ಎಣಿಸಿ. ಬಲಗೈ 1, 3, 5ಕ್ಕೆ, ಎಡಗೈ 1, 4ಕ್ಕೆ. ಕೇಳಿಸುವುದು ಇಷ್ಟೇ: ಒಟ್ಟಿಗೆ, ಬಲ, ಎಡ, ಬಲ. ಇದನ್ನು ಬಾಯಲ್ಲಿ ಹೇಳಲು ಬಂದರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಎಡಗೈಯ ಪಾಲನ್ನು ಕಾಲಿಗೆ ವಹಿಸಿ.

ಮೆಲ್ಲಗೆ ನುಡಿಸುವುದನ್ನೂ ಕಲಿಯಿರಿ, ಸ್ಟಿಕ್ ಸ್ನೇರ್ ಡ್ರಮ್‌ನಿಂದ ಒಂದು ಅಂಗುಲಕ್ಕಿಂತ ಮೇಲೇಳದಂತೆ. ಜೋರಾಗಿ ಹೊಡೆಯುವಾಗ ಕಿವಿಗೆ ಇಯರ್‌ಪ್ಲಗ್ ಇರಲಿ. 100 ಡೆಸಿಬೆಲ್ ಸದ್ದನ್ನು ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಕೇಳಬಾರದು ಅನ್ನುವ ಲೆಕ್ಕವಿದೆ, ಡ್ರಮ್ಸ್ ಆ ಮಟ್ಟವನ್ನು ಸಲೀಸಾಗಿ ಮುಟ್ಟುತ್ತದೆ.

ಮತ್ತೆ, ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮರುದಿನ ಕೇಳಿ. ಗ್ರೂವ್, ಅಂದರೆ ಹಾಡಿನುದ್ದಕ್ಕೂ ಮರುಕಳಿಸುವ ನಡೆ, ನೆಟ್ಟಗಿರುತ್ತದೆ; ನಡುನಡುವೆ ಬರುವ ಸಣ್ಣ ಅಲಂಕಾರ, ಅಂದರೆ ಫಿಲ್, ಬಂದಾಗ ಮಾತ್ರ ಬಸ್ ತಪ್ಪಿಹೋಗುವವರಂತೆ ಓಡಿರುತ್ತೇವೆ. ಮೊದಲ ಸಲ ನನ್ನದನ್ನು ಕೇಳಿದಾಗ ಫೋನೇ ಕೆಟ್ಟಿದೆ ಅಂದುಕೊಂಡಿದ್ದೆ.